ಅರಗಿನ ತಟ್ಟೆಯಲ್ಲಿ ಉಳಿದ ದನಿ

ನಿಮ್ಮಲ್ಲಿ ಕೆಲವರ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ಗ್ರಾಮಫೋನ್ ತಟ್ಟೆಗಳು ಇಂದಿಗೂ ಧೂಳು ಹಿಡಿದು ಕುಳಿತಿರಬಹುದು. ಎತ್ತಿಕೊಂಡರೆ ಭಾರ, ಕೈಜಾರಿದರೆ ಮಂಗಳೂರು ಹಂಚಿನಂತೆ ಚೂರು. ಆ ತಟ್ಟೆಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ಹೌದು, ಪಾಂಡವರನ್ನು ಸುಡಬೇಕೆಂದು ಕೌರವರು ಕಟ್ಟಿಸಿದ ಮನೆಯ ಅದೇ ಅರಗು. ಆ ಕಾಲದಲ್ಲಿ ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಛೋಟಾ ನಾಗಪುರದಂಥ ಕಾಡುಸೀಮೆಯ ಬಡವರು ಮರದ ಕೊಂಬೆಗಳಿಂದ ಅದನ್ನು ಕೆರೆದು ತೆಗೆಯುತ್ತಿದ್ದರು. ಹಡಗು ಹತ್ತಿ ಅಮೆರಿಕ ಸೇರಿದ ಅರಗು ಅಲ್ಲಿ ಕಲ್ಲಿನ ಹುಡಿಯೊಡನೆ ಬೆರೆತು, ಕಾದ ಅಚ್ಚಿನಲ್ಲಿ ಒತ್ತಿಸಿಕೊಂಡು ಕಪ್ಪು ತಟ್ಟೆಯಾಗುತ್ತಿತ್ತು. ನಿಮಿಷಕ್ಕೆ 78 ಸುತ್ತು ತಿರುಗುತ್ತಾ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಹಾಡುತ್ತಿತ್ತು. ಒಡೆಯದ ವಿನೈಲಿನ ಎಲ್‌ಪಿ ತಟ್ಟೆ ಬಂದದ್ದು 1948ರಲ್ಲಿ.

ಈ ಹಳೆಯ ತಟ್ಟೆಗಳನ್ನು ಹುಡುಕಿ, ಒರೆಸಿ, ಜೋಪಾನವಾಗಿ ಕೂಡಿಡುವ ಹವ್ಯಾಸಿಗಳು ಜಗತ್ತಿನ ಎಲ್ಲೆಡೆ ಇದ್ದಾರೆ. ಅವರಲ್ಲಿ ಜಾಝ್ ಗಾಯಕಿಯರ ತಟ್ಟೆಗಳ ಬೆನ್ನುಹತ್ತಿದವರದೇ ಒಂದು ಪಂಗಡ. ಜಾಝ್ ಎಂದರೆ ಅಮೆರಿಕದ ಕರಿಯ ಜನರು, ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು, ಕಟ್ಟಿ ಬೆಳೆಸಿದ ಸಂಗೀತ. ನಮ್ಮ ಸಂಗೀತಗಾರರು ರಾಗವೊಂದನ್ನು ಹಿಡಿದು ಮನೋಧರ್ಮಕ್ಕೆ ತಕ್ಕಂತೆ ಬೆಳೆಸುವ ಹಾಗೆ ಜಾಝ್ ಗಾಯಕರೂ ಹಾಡನ್ನು ತಮ್ಮ ಮನಸ್ಸಿನಂತೆ ಬಗ್ಗಿಸುತ್ತಾರೆ. ಬೆಸ್ಸಿ ಸ್ಮಿತ್, ಎಲಾ ಫಿಟ್ಜೆರಾಲ್ಡ್, ಸಾರಾ ವಾನ್ ಇವರೆಲ್ಲರ ತಟ್ಟೆಗಳಿಗೂ ಬೇಡಿಕೆಯುಂಟು. ಆದರೆ ಕೂಡಿಡುವವರ ಕೈ ತಡೆದು ತಡೆದು ನಿಲ್ಲುವುದು ಬಿಲ್ಲಿ ಹಾಲಿಡೇ ಎಂಬ ಹೆಸರಿನ ಮುಂದೆ. ಆಕೆಯ ದನಿಯನ್ನು ಇಷ್ಟು ಜತನವಾಗಿ ಕಾಪಾಡಿದ ಲೋಕ ಆಕೆಯನ್ನು ಮಾತ್ರ ಕಾಪಾಡಲಿಲ್ಲ. ಈ ಪುಟದಲ್ಲಿ ಆಕೆಯ ಕಥೆ ಹೇಳಲು ಇನ್ನೊಂದು ಕಾರಣವೂ ಇದೆ. ಆಕೆ ಜ್ಞಾನಸ್ನಾನ ಪಡೆದ ಕಥೋಲಿಕಳು.

ಹುಟ್ಟಿದ್ದು 1915ರ ಏಪ್ರಿಲ್ 7ರಂದು, ಫಿಲಡೆಲ್ಫಿಯಾದಲ್ಲಿ. ಇಟ್ಟ ಹೆಸರು ಎಲಿನೋರಾ. ತಾಯಿ ಸೇಡಿ ಫೇಗನ್, ಮನೆಗೆಲಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ ಹುಡುಗಿ. ತಂದೆ ಕ್ಲಾರೆನ್ಸ್ ಹಾಲಿಡೇ ಗಿಟಾರ್ ನುಡಿಸುವವನು. ತಂಡಗಳ ಜೊತೆ ಊರೂರು ಅಲೆಯುವ ಜೀವ, ಹೆಂಡತಿ ಮಗು ಎಂದು ಕಟ್ಟಿಕೊಂಡವನಲ್ಲ. 1956ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ತನಗೆ ಮೂರು ವರ್ಷವಾಗಿದ್ದಾಗ ತಂದೆತಾಯಿಯರ ಮದುವೆಯಾಯಿತೆಂದು ಆಕೆ ಬರೆಸಿದ್ದಾಳೆ. ಅಂಥ ಮದುವೆ ನಡೆಯಲೇ ಇಲ್ಲ. ಆ ಪುಸ್ತಕದಲ್ಲಿ ಇಂಥ ಮಾತುಗಳು ಹಲವು ಇವೆ. ಇದನ್ನು ಸುಳ್ಳು ಎಂದು ತಳ್ಳಿಹಾಕುವ ಮೊದಲು, ಒಂದು ಮಗು ತನಗಾಗಿ ಯಾವ ಮನೆಯನ್ನು ಕಲ್ಪಿಸಿಕೊಂಡಿತ್ತು ಎಂದು ನೀವು ಯೋಚಿಸಬಹುದು.

ಬೆಳೆದದ್ದು ಬಾಲ್ಟಿಮೋರ್ ನಗರದಲ್ಲಿ. ತಾಯಿ ದುಡಿಮೆಗೆಂದು ದೂರ ಹೋಗುವಾಗ ಮಗು ಬೇರೆಯವರ ಮನೆಯಲ್ಲಿ. ಶಾಲೆಗೆ ಹೋಗುವುದು ನಿಂತಿತು. 1925ರ ಜನವರಿಯಲ್ಲಿ, ಇನ್ನೂ ಹತ್ತು ತುಂಬದ ಎಲಿನೋರಾಳನ್ನು ಬಾಲಾಪರಾಧಿಗಳ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ನೋಡಿಕೊಳ್ಳುವವರಿಲ್ಲದ ಮಗು ಎಂದು ತೀರ್ಮಾನಿಸಿದ ನ್ಯಾಯಾಧೀಶರು ಆಕೆಯನ್ನು ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಕರಿಯ ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ಆಶ್ರಮಕ್ಕೆ ಕಳಿಸಿದರು. ಈ ಸಭೆಯ ಹೆಸರು ನಿಮಗೆ ಹೊಸತಲ್ಲ. ಫ್ರಾನ್ಸಿನ ಸಂತ ಮೇರಿ ಯುಫ್ರೇಸಿಯಾ ಸ್ಥಾಪಿಸಿದ ಇದೇ ಸಭೆಯ ಕನ್ಯಾಸ್ತ್ರೀಯರು 1854ರಲ್ಲೇ ಬೆಂಗಳೂರಿಗೆ ಬಂದು ಕಾನ್ವೆಂಟನ್ನೂ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದರು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದರೂ ಅವರ ಕೈಯಲ್ಲಿ ಅಕ್ಷರ ಕಲಿತಿರಲೂಬಹುದು. ಬಾಲ್ಟಿಮೋರಿನ ಆಶ್ರಮ ಮಾತ್ರ ಬೇರೆ ಬಗೆಯದು. ಅದು ಶಾಲೆಯೂ ಹೌದು, ಸೆರೆಯೂ ಹೌದು. ಎತ್ತರದ ಗೋಡೆ, ಕಟ್ಟುನಿಟ್ಟಿನ ದಿನಚರಿ, ಒಳಗೆ ಬಂದ ಹುಡುಗಿಯರಿಗೆ ಸ್ವಂತ ಹೆಸರಿನ ಬದಲು ಬೇರೊಂದು ಹೆಸರು.

ಅಲ್ಲಿಯೇ 1925ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಆಕೆಗೆ ಜ್ಞಾನಸ್ನಾನವಾಯಿತು. ಮೊದಲೇ ಆಗಿತ್ತೋ ಇಲ್ಲವೋ ಖಚಿತವಾಗದ ಮಕ್ಕಳಿಗೆ ಕೊಡುವಂತೆ ಷರತ್ತಿನ ಮೇರೆಗೆ ಕೊಟ್ಟ ಜ್ಞಾನಸ್ನಾನ ಅದು. ಅಕ್ಟೋಬರಿನಲ್ಲಿ ಆಕೆಯನ್ನು ತಾಯಿಯ ವಶಕ್ಕೆ ಒಪ್ಪಿಸಿದರು. ಮರುವರ್ಷ, 1926ರ ಕ್ರಿಸ್ಮಸ್ ಹಿಂದಿನ ದಿನ, ಆಕೆ ಮತ್ತೆ ಅದೇ ಬಾಗಿಲಿನ ಒಳಗಿದ್ದಳು. ಈ ಸಲ ಆದದ್ದು ಹೇಳಲೂ ಕಷ್ಟ. ಹನ್ನೊಂದು ವರ್ಷದ ಆ ಮಗುವಿನ ಮೇಲೆ ನೆರೆಯವನೊಬ್ಬ ಕೈ ಮಾಡಿದ್ದ. ಅವನ ಮೇಲಿನ ಮೊಕದ್ದಮೆಗೆ ಸಾಕ್ಷಿ ಬೇಕೆಂದು ಮಗುವನ್ನೂ ಕೂಡಿಹಾಕಿದರು. ತಪ್ಪು ಮಾಡಿದವನಿಗೆ ಸೆರೆಯೆಂದರೆ ನಮಗೆ ಅರ್ಥವಾಗುತ್ತದೆ. ನೊಂದವಳಿಗೇಕೆ ಎಂದು ಆ ಊರಿನಲ್ಲಿ ಕೇಳಿದವರು ಯಾರೂ ಇರಲಿಲ್ಲ. ಆಶ್ರಮದಲ್ಲಿ ಒಮ್ಮೆ ತನ್ನನ್ನು ಶಿಕ್ಷೆಗೆಂದು ಸತ್ತ ಹುಡುಗಿಯೊಬ್ಬಳ ಶವವಿದ್ದ ಕೋಣೆಯಲ್ಲಿ ರಾತ್ರಿಯಿಡೀ ಇಟ್ಟಿದ್ದರೆಂದು ಆಕೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾಳೆ. ಇದನ್ನು ಓದುವಾಗ ನಮಗೆ ಕಸಿವಿಸಿಯಾಗುವುದು ಸಹಜ. ಆಗಲಿ. ಹಾಗೆಂದು ಮುಚ್ಚಿಡುವುದು ಸರಿಯಲ್ಲ. ಇಷ್ಟಾದರೂ ಆ ಆಶ್ರಮದಲ್ಲಿ ದೊರೆತ ಧರ್ಮವನ್ನು ಆಕೆ ಕೊನೆಯವರೆಗೂ ತನ್ನದೆಂದೇ ಹೇಳಿಕೊಂಡಳು.

ಹೊರಗೆ ಬಂದವಳು ಮೆಟ್ಟಿಲು ತೊಳೆದು, ಮನೆ ಒರೆಸಿ ಕಾಸು ಸಂಪಾದಿಸಿದಳು. ಊರಿನ ಒಂದು ಸೂಳೆಮನೆಯವರಿಗೂ ಓಡಾಡಿ ಕೆಲಸ ಮಾಡಿಕೊಡುತ್ತಿದ್ದಳು. ಅಲ್ಲಿ ಒಂದು ವಿಕ್ಟ್ರೋಲಾ ಇತ್ತು, ಅಂದರೆ ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನು. ಬೆಸ್ಸಿ ಸ್ಮಿತ್ ಹಾಗೂ ತುತ್ತೂರಿಯ ಮಾಂತ್ರಿಕ ಲೂಯಿ ಆರ್ಮ್‌ಸ್ಟ್ರಾಂಗ್ ಇವರ ತಟ್ಟೆಗಳನ್ನು ಕೇಳಲು ಬಿಟ್ಟರೆ ಸಾಕು, ಕೂಲಿಯೂ ಬೇಡ ಎನ್ನುವಷ್ಟು ಆಸೆ. ಶ್ರುತಿ ಹಿಡಿಸಲು ಗುರುವಿಲ್ಲದ, ಸ್ವರಲಿಪಿ ಓದಲು ಬಾರದ ಹುಡುಗಿಗೆ ಸಂಗೀತದ ಪಾಠಶಾಲೆಯೆಂದರೆ ಅರಗಿನ ಆ ಕೆಲವು ತಟ್ಟೆಗಳೇ. ಯಾರೋ ಕೊಂಡ ತಟ್ಟೆಯಿಂದ ಹಾಡು ಕಲಿತವಳ ತಟ್ಟೆಗಳಿಗಾಗಿ ಮುಂದೆ ಜನ ದೇಶವಿದೇಶಗಳ ಹಳೆ ಸಾಮಾನಿನ ಅಂಗಡಿಗಳನ್ನು ಜಾಲಾಡಿದರು.

ಹದಿನಾಲ್ಕನೆಯ ವಯಸ್ಸಿನಲ್ಲಿ, 1929ರಲ್ಲಿ, ತಾಯಿಯನ್ನು ಹಿಂಬಾಲಿಸಿ ನ್ಯೂಯಾರ್ಕಿನ ಹಾರ್ಲೆಮ್ ಸೇರಿದಳು. ಅಲ್ಲಿ ತಾಯಿ ಮಗಳು ಇಬ್ಬರೂ ಬೀಳಬಾರದ ಕೂಪಕ್ಕೆ ಬಿದ್ದರು, ಪೊಲೀಸರು ಹಿಡಿದರು, ಹುಡುಗಿ ಸೆರೆಮನೆಯ ದುಡಿಮೆಯನ್ನೂ ಕಂಡಳು. ಹೊರಬಂದ ಮೇಲೆ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಹಾಡತೊಡಗಿದಳು. ಮೆಚ್ಚಿದ ಸಿನಿಮಾ ನಟಿ ಬಿಲ್ಲಿ ಡವ್ ಅವರಿಂದ ಒಂದು ಹೆಸರು, ಕೈಬಿಟ್ಟು ಹೋದ ತಂದೆಯಿಂದ ಒಂದು ಹೆಸರು ತೆಗೆದುಕೊಂಡು ಬಿಲ್ಲಿ ಹಾಲಿಡೇ ಆದಳು. 1933ರಲ್ಲಿ ಜಾನ್ ಹ್ಯಾಮಂಡ್ ಎಂಬ ಸಿರಿವಂತ ಮನೆತನದ ಸಂಗೀತಪ್ರೇಮಿಯ ಕಿವಿಗೆ ಆ ದನಿ ಬಿತ್ತು. ಅದೇ ವರ್ಷದ ನವೆಂಬರಿನಲ್ಲಿ, ಹದಿನೆಂಟರ ಹರೆಯದಲ್ಲಿ, ಬೆನ್ನಿ ಗುಡ್‌ಮನ್ನನ ತಂಡದೊಡನೆ ಮೊದಲ ತಟ್ಟೆಗೆ ಹಾಡಿದಳು.

ನಿಜವಾದ ಸುಗ್ಗಿ ಆರಂಭವಾದದ್ದು 1935ರ ಜುಲೈಯಲ್ಲಿ. ಪಿಯಾನೋ ನುಡಿಸುವ ಟೆಡ್ಡಿ ವಿಲ್ಸನ್ನನ ಕೈಕೆಳಗೆ ಆಗಿನ ಶ್ರೇಷ್ಠ ವಾದಕರು ಸೇರಿ ಬ್ರನ್ಸ್‌ವಿಕ್ ಕಂಪನಿಗೆ ತಟ್ಟೆಗಳನ್ನು ಮಾಡಿದರು. ಹೋಟೆಲುಗಳಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸುಗಳಿಗೆ ಸರಕು ಬೇಕಿತ್ತು. ಹಾಡುಗಳೋ ಬಹುಪಾಲು ಆ ತಿಂಗಳಿಗೆ ಹುಟ್ಟಿ ಮರುತಿಂಗಳು ಮರೆತುಹೋಗುವಂಥವು. ಬಿಲ್ಲಿಯ ದನಿಯೂ ದೊಡ್ಡದಲ್ಲ, ಏರಿಳಿತ ಒಂದು ಸಪ್ತಕಕ್ಕಿಂತ ಸ್ವಲ್ಪ ಮಿಗಿಲಷ್ಟೆ. ಆದರೆ ವಿದ್ಯುತ್ ಮೈಕ್ರೋಫೋನ್ ಬಂದು ಹತ್ತು ವರ್ಷವಾಗಿತ್ತು. ಸಭೆಯ ಕೊನೆಯ ಸಾಲಿಗೆ ಮುಟ್ಟುವಂತೆ ಕೂಗಬೇಕಾದ ಅಗತ್ಯ ಇನ್ನು ಇರಲಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಹೇಳುವಂತೆ ಹಾಡಬಹುದಿತ್ತು. ಆಕೆ ಹಾಗೆಯೇ ಹಾಡಿದಳು. ತಾಳಕ್ಕಿಂತ ಒಂದೆಳೆ ಹಿಂದೆ ಉಳಿದು, ಇನ್ನೇನು ತಪ್ಪಿಹೋಯಿತು ಎನ್ನುವಾಗ ಬಂದು ಸೇರಿಕೊಳ್ಳುವುದು ಆಕೆಯ ರೀತಿ. ಕೆಲಸಕ್ಕೆ ಬಾರದ ಸಾಲೂ ಆ ಬಾಯಲ್ಲಿ ಅನುಭವದ ಮಾತಾಗುತ್ತಿತ್ತು. 1937ರ ಜನವರಿಯಲ್ಲಿ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಜೊತೆಗೂಡಿದ. ಆಕೆಗೆ ಲೇಡಿ ಡೇ ಎಂಬ ಹೆಸರಿಟ್ಟವನು ಅವನೇ. ಆಕೆ ಹಾಡಿದರೆ ಅವನ ಸ್ಯಾಕ್ಸೊಫೋನು ಹೂಂಗುಟ್ಟುತ್ತಿತ್ತು. ಅವರ ನಡುವೆ ಇದ್ದದ್ದು ಪ್ರಣಯವಲ್ಲ, ಒಡಹುಟ್ಟಿದವರಂಥ ಸ್ನೇಹ. ನನ್ನ ಮಟ್ಟಿಗೆ ಆಕೆಯ ಬದುಕಿನ ಅತ್ಯಂತ ಹಗುರವಾದ, ಬಿಸಿಲು ಬಿದ್ದ ತಟ್ಟೆಗಳು ಇವೇ.

ಕೂಡಿಡುವವರು ಈ ತಟ್ಟೆಗಳನ್ನು ಗುರುತಿಸುವ ಬಗೆ ಕೇಳಿ. ಮೊದಮೊದಲ ಬ್ರನ್ಸ್‌ವಿಕ್ ತಟ್ಟೆಗಳ ನಡುವಿನ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ಟೆಡ್ಡಿ ವಿಲ್ಸನ್ ವಾದ್ಯವೃಂದದ ಹೆಸರು. ಹಾಡಿದವರು ಬಿಲ್ಲಿ ಹಾಲಿಡೇ ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿ. 1936ರಿಂದ ವೊಕಾಲಿಯನ್ ಎಂಬ ಅಗ್ಗದ ತಟ್ಟೆಗಳಲ್ಲಿ ಆಕೆಯ ಹೆಸರೇ ಮೇಲಕ್ಕೆ ಬಂತು. ಮೇಲಕ್ಕೆ ಬಂದದ್ದು ಹೆಸರು ಮಾತ್ರ. ಆ ವರ್ಷಗಳ ಹಾಡುಗಳಿಗೆ ಆಕೆಗೆ ಸಿಕ್ಕಿದ್ದು ಒಂದು ದಿನದ ಕೆಲಸಕ್ಕೆ ಇಷ್ಟು ಎಂಬ ಕೂಲಿ. ತಟ್ಟೆ ಎಷ್ಟು ಮಾರಿದರೂ ಅದರಲ್ಲಿ ಪಾಲಿಲ್ಲ. ಇನ್ನೊಂದು ಮಾತು, ಎಲ್‌ಪಿ ಹಾಕುವ ಮುಳ್ಳನ್ನು 78ರ ತಟ್ಟೆಯ ಮೇಲೆ ಇಡಬಾರದು. ಹಳೆಯ ತಟ್ಟೆಯ ಗೀರು ಅಗಲ. ಅದಕ್ಕೆ ದಪ್ಪ ತುದಿಯ ಮುಳ್ಳೇ ಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡುವುದು ಒಳ್ಳೆಯದು.

1937ರ ಮಾರ್ಚ್ 1ರಂದು ತಂದೆ ಕ್ಲಾರೆನ್ಸ್ ಟೆಕ್ಸಾಸಿನ ಡಲ್ಲಾಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಕರಿಯನೆಂಬ ಕಾರಣಕ್ಕೆ ಆಸ್ಪತ್ರೆಗಳು ಬಾಗಿಲು ತೆರೆಯದೆ, ಚಿಕಿತ್ಸೆ ಸಿಗುವಷ್ಟರಲ್ಲಿ ಕಾಲ ಮಿಂಚಿತ್ತೆಂದು ಮಗಳು ಕೊನೆಯವರೆಗೂ ನಂಬಿದ್ದಳು. ಆಕೆಗೂ ಆ ಬಾಗಿಲುಗಳ ಪರಿಚಯ ಚೆನ್ನಾಗಿಯೇ ಇತ್ತು. ಕೌಂಟ್ ಬೇಸಿಯ ಕರಿಯರ ತಂಡದಲ್ಲಿದ್ದಾಗ, ಡೆಟ್ರಾಯಿಟಿನಲ್ಲಿ, ಆಕೆಯ ಮೈಬಣ್ಣ ತಿಳಿಯಾಯಿತು, ನೋಡುವವರು ಬಿಳಿಯಳೆಂದುಕೊಂಡಾರು ಎಂದು ಮುಖಕ್ಕೆ ಕಪ್ಪು ಬಳಿಸಿದರು. 1938ರಲ್ಲಿ ಆರ್ಟಿ ಶಾನ ಬಿಳಿಯರ ತಂಡ ಸೇರಿದಾಗ, ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅತಿಥಿಗಳ ಲಿಫ್ಟು ಬೇಡ, ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬಾ ಎಂದರು. ಒಂದೇ ಮುಖ, ಒಂದು ಕಡೆ ಸಾಲದಷ್ಟು ಕಪ್ಪು, ಇನ್ನೊಂದು ಕಡೆ ಹೆಚ್ಚಾದ ಕಪ್ಪು. ಆಕೆ ಆ ತಂಡ ಬಿಟ್ಟಳು.

ಆ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಬಾರ್ನಿ ಜೋಸೆಫ್‌ಸನ್ ಎಂಬಾತ ಕೆಫೆ ಸೊಸೈಟಿ ಎಂಬ ಕ್ಲಬ್ ತೆರೆದ. ಕರಿಯರು ಬಿಳಿಯರು ಅಕ್ಕಪಕ್ಕ ಕುಳಿತು ಕೇಳುವ ಜಾಗ. ಅಲ್ಲಿಗೆ ಒಬ್ಬ ಶಾಲಾ ಮೇಷ್ಟ್ರು ಹಾಡೊಂದನ್ನು ಹಿಡಿದು ಬಂದರು. ಏಬೆಲ್ ಮೀರೊಪೋಲ್ ಎಂಬ ಯೆಹೂದ್ಯರು. ಇಂಡಿಯಾನಾ ರಾಜ್ಯದಲ್ಲಿ 1930ರಲ್ಲಿ ಜನರ ಗುಂಪೊಂದು ಇಬ್ಬರು ಕರಿಯ ಯುವಕರನ್ನು ಹೊಡೆದು ಮರಕ್ಕೆ ನೇತುಹಾಕಿದ ಚಿತ್ರವನ್ನು ನೋಡಿ ನಿದ್ದೆಗೆಟ್ಟು ಬರೆದ ಪದ್ಯ ಅದು. ಹೆಸರು ಸ್ಟ್ರೇಂಜ್ ಫ್ರೂಟ್, ವಿಚಿತ್ರವಾದ ಹಣ್ಣು. (ಗೂಢಚಾರಿಕೆಯ ಆರೋಪದಲ್ಲಿ 1953ರಲ್ಲಿ ಮರಣದಂಡನೆಗೆ ಗುರಿಯಾದ ರೋಸೆನ್‌ಬರ್ಗ್ ದಂಪತಿಯ ಅನಾಥ ಗಂಡುಮಕ್ಕಳಿಬ್ಬರನ್ನು ದತ್ತು ತೆಗೆದುಕೊಂಡು ಸಾಕಿದವರೂ ಇದೇ ಮೇಷ್ಟ್ರು ಮತ್ತು ಅವರ ಪತ್ನಿ.) ಹೀಗೆ ಗುಂಪು ಸೇರಿ ಕೊಲ್ಲುವ ಪಾಪ ಆ ದೇಶದಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ, 1882ರಿಂದ 1968ರವರೆಗೆ ಟಸ್ಕೀಗಿ ವಿದ್ಯಾಸಂಸ್ಥೆ ಲೆಕ್ಕವಿಟ್ಟ ಕರಿಯರ ಸಂಖ್ಯೆಯೇ 3,446. ಅದನ್ನು ದೇಶದ ಕಾನೂನಿನಲ್ಲಿ ಪ್ರತ್ಯೇಕ ಅಪರಾಧವೆಂದು ಬರೆದದ್ದು 2022ರ ಮಾರ್ಚ್‌ನಲ್ಲಿ!

ಬಿಲ್ಲಿ ಆ ಹಾಡನ್ನು ದಿನದ ಕೊನೆಗೆ ಹಾಡುತ್ತಿದ್ದಳು. ಅದು ಶುರುವಾಗುವ ಮೊದಲು ಬಡಿಸುವವರು ಕೈ ಕಟ್ಟಿ ನಿಲ್ಲಬೇಕು. ದೀಪಗಳೆಲ್ಲ ಆರಬೇಕು. ಆಕೆಯ ಮುಖದ ಮೇಲೆ ಮಾತ್ರ ಒಂದು ಬೆಳಕಿನ ಕೋಲು. ಹಾಡು ಮುಗಿದೊಡನೆ ಅದೂ ಆರಿ, ಮತ್ತೆ ದೀಪ ಬಂದಾಗ ವೇದಿಕೆ ಬರಿದು. ಎಷ್ಟು ಚಪ್ಪಾಳೆ ತಟ್ಟಿದರೂ ಆಕೆ ತಿರುಗಿ ಬರುತ್ತಿರಲಿಲ್ಲ. ಮರದ ಮೇಲೆ ತೂಗಿದ ನಿರಪರಾಧಿಯ ದೇಹವೆಂದರೆ ಪವಿತ್ರ ಶುಕ್ರವಾರದ ಆಚರಣೆಯಲ್ಲಿ ಮಂಡಿಯೂರುವ ನಿಮಗೆ ಯಾರ ನೆನಪಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ತಂದೆಯ ಸಾವು ನೆನಪಾಗಿ ಆಕೆಗೆ ಆ ಹಾಡು ಪ್ರತಿ ಸಲವೂ ಹೊಟ್ಟೆ ತೊಳಸುತ್ತಿತ್ತಂತೆ.

ಕೊಲಂಬಿಯಾ ಕಂಪನಿ ಈ ಹಾಡನ್ನು ತಟ್ಟೆ ಮಾಡಲು ಒಪ್ಪಲಿಲ್ಲ. ದಕ್ಷಿಣದ ಅಂಗಡಿಯವರು ಮುನಿಸಿಕೊಂಡಾರೆಂಬ ಭಯ. ಇಲ್ಲಿ ನಮ್ಮ ಕಥೆಗೆ ಹಳೆಯ ತಟ್ಟೆ ಕೂಡಿಡುವವರೇ ಪ್ರವೇಶಿಸುತ್ತಾರೆ. ನ್ಯೂಯಾರ್ಕಿನ 42ನೆಯ ಬೀದಿಯಲ್ಲಿ ಮಿಲ್ಟ್ ಗೇಬ್ಲರ್ ಎಂಬ ಯುವಕ ತಂದೆಯ ರೇಡಿಯೋ ಅಂಗಡಿಯಲ್ಲಿ ಕುಳಿತು ತಟ್ಟೆ ಮಾರುತ್ತಿದ್ದ. ಕಂಪನಿಗಳು ಮಾಡುವುದನ್ನೇ ನಿಲ್ಲಿಸಿದ್ದ ಹಳೆಯ ಜಾಝ್ ತಟ್ಟೆಗಳನ್ನು ಕೇಳಿಕೊಂಡು ಜನ ಅವನಲ್ಲಿಗೆ ಬರುತ್ತಿದ್ದರು. ಅವನು ಗೋದಾಮುಗಳಲ್ಲಿ ಉಳಿದದ್ದನ್ನು ಕೊಂಡು ತಂದ. ಅದೂ ಮುಗಿದಾಗ ಕಂಪನಿಗಳಿಂದ ಮೂಲ ಅಚ್ಚುಗಳನ್ನು ಪಡೆದು 1935ರಿಂದ ಮತ್ತೆ ತಟ್ಟೆ ಒತ್ತಿಸಿದ. ಚೀಟಿಯ ಮೇಲೆ ನಾಯಕನ ಹೆಸರೊಂದನ್ನೇ ಅಚ್ಚುಹಾಕುವ ಬದಲು ನುಡಿಸಿದ ಪ್ರತಿಯೊಬ್ಬನ ಹೆಸರನ್ನೂ ಅಚ್ಚುಹಾಕಿಸಿದ. ಹಳೆಯ ತಟ್ಟೆಗೆ ಬೆಲೆಯುಂಟು, ಅದರಲ್ಲಿ ನುಡಿಸಿದ ಬಡ ವಾದಕನಿಗೂ ಹೆಸರುಂಟು ಎಂದು ಮಾರುಕಟ್ಟೆಗೆ ಕಲಿಸಿದವರಲ್ಲಿ ಅವನು ಮೊದಲಿಗ. 1938ರಲ್ಲಿ ಅಂಗಡಿಯ ಹೆಸರಿನಲ್ಲೇ ಕಮೋಡೋರ್ ಎಂಬ ಸ್ವಂತ ತಟ್ಟೆ ತಂದ. ಬಿಲ್ಲಿ ಅವನ ಮುಂದೆ ವಾದ್ಯವಿಲ್ಲದೆ ಆ ಹಾಡನ್ನು ಹಾಡಿದಾಗ ಅವನು ಅತ್ತುಬಿಟ್ಟ. ಕೊಲಂಬಿಯಾದವರು ಒಂದು ದಿನದ ಮಟ್ಟಿಗೆ ಆಕೆಯನ್ನು ಬಿಟ್ಟುಕೊಟ್ಟರು. 1939ರ ಏಪ್ರಿಲ್ 20ರಂದು ಹಾಡು ಮುದ್ರಣವಾಯಿತು. ಪದ್ಯ ತೀರ ಚಿಕ್ಕದಾದ್ದರಿಂದ, ಆಕೆ ಬಾಯಿ ತೆರೆಯುವ ಮೊದಲು ಒಂದು ನಿಮಿಷಕ್ಕೂ ಹೆಚ್ಚು ಕಾಲ ವಾದ್ಯಗಳೇ ನುಡಿಯುತ್ತವೆ. ತಟ್ಟೆಯ ಸಂಖ್ಯೆ 526. ಹಿಂದಿನ ಮಗ್ಗುಲಲ್ಲಿ ಆಕೆಯೇ ಕಟ್ಟಿದ ಫೈನ್ ಅಂಡ್ ಮೆಲೋ. ರೇಡಿಯೋದವರು ಮುಟ್ಟಲು ಹೆದರಿದ ಈ ತಟ್ಟೆಯನ್ನು ಜನ ಕೊಂಡು ಮನೆಗೆ ಒಯ್ದರು. ಹವ್ಯಾಸಿಗಳ ಕೈಗೆ ಸಿಗುವ ಪ್ರತಿಗಳಲ್ಲಿ ಹಲವು ತೇದು ಮಾಸಿ ಬೆಳ್ಳಗಾಗಿವೆ. ಅಷ್ಟು ಸಲ ಮುಳ್ಳು ಓಡಿದೆ.

ತಾಯಿ ಸೇಡಿಯ ವಿಷಯ ಹೇಳಬೇಕು. ಮಗಳು ದುಡಿದ ಹಣದಿಂದ ತಾಯಿ ಚಿಕ್ಕದೊಂದು ಹೋಟೆಲು ನಡೆಸುತ್ತಿದ್ದಳು. ಹಸಿದ ವಾದಕರಿಗೆಲ್ಲ ಸಾಲಕ್ಕೆ ಊಟ. ಒಂದು ದಿನ ಮಗಳಿಗೇ ಹಣದ ಅಡಚಣೆಯಾಗಿ ಕೈಚಾಚಿದಾಗ ತಾಯಿ ಇಲ್ಲವೆಂದಳು. ಜಗಳವಾಯಿತು. ಆ ಸಿಟ್ಟಿನಿಂದಲೇ ಗಾಡ್ ಬ್ಲೆಸ್ ದ ಚೈಲ್ಡ್ ಎಂಬ ಹಾಡು ಹುಟ್ಟಿತು. ಆರ್ಥರ್ ಹರ್ಜೋಗ್ ಜೊತೆ ಸೇರಿ ಕಟ್ಟಿದ ಆ ಹಾಡು 1941ರ ಮೇ ತಿಂಗಳಲ್ಲಿ ಓಕೆ ಕಂಪನಿಯ ತಟ್ಟೆಯಾಯಿತು. ಕಾಸಿದ್ದರೆ ನೆಂಟರು ಹತ್ತಿರ, ಇಲ್ಲದಿದ್ದರೆ ದೂರ ಎಂಬ ಲೋಕರೂಢಿಯನ್ನೇ ಪವಿತ್ರ ಗ್ರಂಥದ ಧಾಟಿಯಲ್ಲಿ ಹೇಳುವ ಹಾಡು. ತಾಯಿಮಕ್ಕಳ ಜಗಳ ನಮ್ಮ ಮನೆಗಳಲ್ಲೂ ಆಗುತ್ತದೆ, ಅದರಿಂದ ಇಂಥ ಹಾಡು ಹುಟ್ಟುವುದು ಮಾತ್ರ ಅಪರೂಪ. 1945ರ ಅಕ್ಟೋಬರಿನಲ್ಲಿ ಸೇಡಿ ತೀರಿಕೊಂಡಾಗ ಬಿಲ್ಲಿಗೆ ತನ್ನವರೆಂಬವರು ಯಾರೂ ಉಳಿಯಲಿಲ್ಲ.

ಗಂಡಸರ ವಿಷಯದಲ್ಲಿ ಆಕೆಯ ಆಯ್ಕೆ ಎಂದೂ ಸರಿಹೋಗಲಿಲ್ಲ. ಹೊಡೆಯುವವರು, ದುಡ್ಡು ಕಸಿಯುವವರು. 1940ರ ದಶಕದ ಆರಂಭದಲ್ಲಿ ಹೆರಾಯಿನ್ ಎಂಬ ವಿಷವೂ ಅಂಥ ಸಹವಾಸದಿಂದಲೇ ಅಂಟಿಕೊಂಡಿತು. ಡೆಕ್ಕಾ ಕಂಪನಿಗೆ 1944ರಲ್ಲಿ ಪಿಟೀಲುಗಳ ಹಿಮ್ಮೇಳದೊಡನೆ ಹಾಡಿದ ಲವರ್ ಮ್ಯಾನ್ ಹೆಸರು ತಂದಿತು, ಕೈತುಂಬ ಹಣ ಬಂತು, ಬಂದದ್ದೆಲ್ಲ ಸೂಜಿಯ ಬಾಯಿಗೆ ಹೋಯಿತು. 1947ರ ಮೇ ತಿಂಗಳಲ್ಲಿ ಬಂಧನ. ತಾನು ಕಾಯಿಲೆಯವಳು, ಆಸ್ಪತ್ರೆ ಬೇಕು ಎಂದು ತಿಳಿದು ತಪ್ಪೊಪ್ಪಿಕೊಂಡಳು. ಸಿಕ್ಕಿದ್ದು ಒಂದು ವರ್ಷ ಒಂದು ದಿನದ ಸೆರೆ, ವೆಸ್ಟ್ ವರ್ಜೀನಿಯಾದ ಆಲ್ಡರ್ಸನ್ನಿನಲ್ಲಿ. ಅಲ್ಲಿದ್ದಷ್ಟು ದಿನ ಒಂದು ಸೊಲ್ಲೂ ಹಾಡಲಿಲ್ಲವೆಂದು ಆಕೆ ಹೇಳಿಕೊಂಡಿದ್ದಾಳೆ. 1948ರ ಮಾರ್ಚ್ 16ರಂದು ಬಿಡುಗಡೆ. ಹನ್ನೊಂದೇ ದಿನಕ್ಕೆ ಕಾರ್ನೆಗಿ ಹಾಲ್ ತುಂಬಿ ತುಳುಕಿತು, ಸ್ಥಳ ಸಾಲದೆ ವೇದಿಕೆಯ ಮೇಲೂ ಕುರ್ಚಿ ಹಾಕಿದರು. ಆಕೆ ಸದಾ ಮುಡಿಯುತ್ತಿದ್ದ ಗಾರ್ಡೀನಿಯಾ ಹೂವನ್ನು ಯಾರೋ ಅಭಿಮಾನಿ ಕಳಿಸಿದ್ದರು.

ಆದರೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಯಾವ ಜಾಗದಲ್ಲಿ ಹಾಡಬೇಕಾದರೂ ಪೊಲೀಸರು ಕೊಡುವ ಪರವಾನಗಿ ಚೀಟಿ ಬೇಕಿತ್ತು. ಸೆರೆಗೆ ಹೋದವಳಿಗೆ ಆ ಚೀಟಿ ಇಲ್ಲ. ಜಾಝ್ ಬದುಕುತ್ತಿದ್ದದ್ದೇ ಕ್ಲಬ್ಬುಗಳಲ್ಲಿ. ಶಿಕ್ಷೆ ಮುಗಿಸಿ ಬಂದವಳ ಅನ್ನದ ಬಟ್ಟಲನ್ನು ಸಾಯುವ ತನಕ ಕಿತ್ತಿಟ್ಟ ಹಾಗಾಯಿತು. (ಈ ಚೀಟಿಯ ಪದ್ಧತಿಯನ್ನು ನಗರ ಕೈಬಿಟ್ಟದ್ದು 1967ರಲ್ಲಿ.) ಊರೂರು ತಿರುಗಿ ಹಾಡಿದಳು, 1954ರಲ್ಲಿ ಯುರೋಪಿಗೂ ಹೋಗಿಬಂದಳು. ಈ ಕಾಲದಲ್ಲಿ ನಾರ್ಮನ್ ಗ್ರಾಂಜ್ ಮಾಡಿಸಿದ ಕ್ಲೆಫ್ ಮತ್ತು ವರ್ವ್ ಎಲ್‌ಪಿಗಳಲ್ಲಿ ದನಿ ಒಡೆದಿದೆ, ಉಸಿರು ಕಡಿಮೆಯಾಗಿದೆ, ಹೇಳುವ ಮಾತು ಮಾತ್ರ ಮಾಗಿದೆ.

1957ರ ಡಿಸೆಂಬರ್ 8ರಂದು ಅಮೆರಿಕದ ಟೆಲಿವಿಷನ್ನಿನಲ್ಲಿ ಜಾಝ್ ಕುರಿತು ಒಂದು ಕಾರ್ಯಕ್ರಮ ಬಂತು. ಬಿಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತಿದ್ದಾಳೆ, ಸುತ್ತಲೂ ಹಳೆಯ ಸಂಗಡಿಗರು. ಅವರ ನಡುವೆ ಲೆಸ್ಟರ್ ಯಂಗ್, ಕಾಯಿಲೆಯಿಂದ ಕುಗ್ಗಿಹೋದವನು. ಇಬ್ಬರೂ ದೂರವಾಗಿ ವರ್ಷಗಳಾಗಿದ್ದವು. ಅವನ ಸರದಿ ಬಂದಾಗ ಎದ್ದು ನಿಂತು ಒಂದೇ ಒಂದು ಆವರ್ತ ನುಡಿಸಿದ, ಹೆಚ್ಚು ಸ್ವರಗಳೂ ಇಲ್ಲ. ಕ್ಯಾಮೆರಾ ಬಿಲ್ಲಿಯ ಮುಖದ ಕಡೆ ತಿರುಗಿದೆ. ಆಕೆ ತಲೆಯಾಡಿಸುತ್ತಾ, ಅವನು ಹೇಳಿದ್ದೆಲ್ಲ ತನಗೆ ಗೊತ್ತು ಎಂಬಂತೆ ಮುಗುಳ್ನಗುತ್ತಾಳೆ. ಮಾತಿಲ್ಲದ ರಾಜಿ. ಅಂತರಜಾಲ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಹುಡುಕಿಕೊಡಲು ಹೇಳಿ, ನೋಡಿ. 1959ರ ಮಾರ್ಚ್ 15ರಂದು ಲೆಸ್ಟರ್ ತೀರಿಕೊಂಡ.

ಅದಕ್ಕೆ ಹಿಂದಿನ ವರ್ಷ, 1958ರ ಫೆಬ್ರವರಿಯಲ್ಲಿ, ಆಕೆ ಕೊಲಂಬಿಯಾಕ್ಕೆ ಲೇಡಿ ಇನ್ ಸ್ಯಾಟಿನ್ ಎಂಬ ಎಲ್‌ಪಿ ಹಾಡಿಕೊಟ್ಟಿದ್ದಳು. ರೇ ಎಲ್ಲಿಸ್ ಹೊಂದಿಸಿದ ರೇಷ್ಮೆಯಂಥ ಹಿಮ್ಮೇಳ, ಅದರ ಮುಂದೆ ಗೋಣಿತಾಟಿನಂಥ ದನಿ. ಕೂಡಿಡುವವರಲ್ಲಿ ಈ ತಟ್ಟೆಯ ವಿಷಯದಲ್ಲಿ ಎರಡು ಪಕ್ಷ. ಕೆಲವರು ಇದೇ ಆಕೆಯ ಶ್ರೇಷ್ಠ ತಟ್ಟೆ ಎನ್ನುತ್ತಾರೆ. ಕೆಲವರು ಹಾಳಾದ ಹೆಣ್ಣಿನ ನೋವನ್ನು ನೋಡಿ ಸುಖಪಡುವುದು ತಪ್ಪು ಎಂದು ಪಕ್ಕಕ್ಕಿಡುತ್ತಾರೆ. ಎರಡನೆಯವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೂ ಆಕೆ ಅಲ್ಲಿ ಕರುಣೆ ಬೇಡುತ್ತಿಲ್ಲ, ಕೈಯಲ್ಲಿ ಉಳಿದದ್ದರಿಂದಲೇ ತನ್ನ ಕೆಲಸ ಮಾಡುತ್ತಿದ್ದಾಳೆ.

1959ರ ಮೇ 31ರಂದು ಯಕೃತ್ತು ಮತ್ತು ಹೃದಯ ಕೈಕೊಟ್ಟು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಸ್ಪತ್ರೆ ಸೇರಿದಳು. ಜೂನ್ ತಿಂಗಳಲ್ಲಿ ಪೊಲೀಸರು ಆ ಕೋಣೆಯಲ್ಲಿ ಮಾದಕವಸ್ತು ಸಿಕ್ಕಿತೆಂದು ಮಲಗಿದ್ದ ಮಂಚದಲ್ಲೇ ಬಂಧಿಸಿದರು. ಬಾಗಿಲಲ್ಲಿ ಕಾವಲು. ಜನ ಕಳಿಸಿದ ಹೂವುಗಳನ್ನೂ, ಹಾಡು ಕೇಳಲು ಇಟ್ಟುಕೊಂಡಿದ್ದ ರೆಕಾರ್ಡ್ ಪ್ಲೇಯರನ್ನೂ ಎತ್ತಿಕೊಂಡು ಹೋದರೆಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಆಕೆಯ ದನಿ ಆ ಹೊತ್ತಿನಲ್ಲಿ ಸಾವಿರಾರು ಮನೆಗಳಲ್ಲಿ ಕೇಳುತ್ತಿತ್ತು.

ಜುಲೈ 15ರಂದು ಗುರುಗಳು ಬಂದು ಅಂತ್ಯಾಭ್ಯಂಗದ ಸಂಸ್ಕಾರ ನೀಡಿದರು. ಜುಲೈ 17ರ ನಸುಕಿನಲ್ಲಿ ಪ್ರಾಣ ಹೋಯಿತು. ವಯಸ್ಸು 44. ಬ್ಯಾಂಕಿನಲ್ಲಿ ಇದ್ದದ್ದು 70 ಸೆಂಟು, ಅಂದರೆ ಒಂದು ಡಾಲರೂ ಇಲ್ಲ. ಕಾಲಿಗೆ ಅಂಟಿಸಿಕೊಂಡಿದ್ದ 750 ಡಾಲರು ಮಾತ್ರ ಮೈಮೇಲೆ ಸಿಕ್ಕಿತು. ಉಯಿಲು ಬರೆದಿರಲಿಲ್ಲ. ಆದ್ದರಿಂದ ಮುಂದೆ ತಟ್ಟೆಗಳಿಂದ ಬಂದ ಹಣ, ಸಾಯುವ ಮುಂಚೆಯೇ ಬೇರೆಯಾಗಿದ್ದ ಗಂಡ ಲೂಯಿ ಮೆಕೇಯ ಪಾಲಾಯಿತು.

ಜುಲೈ 21ರಂದು ಮ್ಯಾನ್‌ಹಟನ್ನಿನ ಪ್ರೇಷಿತ ಸಂತ ಪೌಲರ ದೇವಾಲಯದಲ್ಲಿ ಮೃತರ ಹಾಡುಪೂಜೆ ನಡೆಯಿತು. ಕರಿಯರು, ಬಿಳಿಯರು, ವಾದಕರು, ಕ್ಲಬ್ಬಿನ ಬಡಿಸುವವರು ಎಂದು ಸುಮಾರು ಮೂರು ಸಾವಿರ ಜನ. ಒಳಗೆ ಜಾಗವಿಲ್ಲದೆ ಹಲವರು ಬೀದಿಯಲ್ಲಿ ನಿಂತರು. ಬ್ರಾಂಕ್ಸ್‌ನ ಸಂತ ರೇಮಂಡರ ಕಥೋಲಿಕ ಸ್ಮಶಾನದಲ್ಲಿ ತಾಯಿಯ ಜೊತೆ ಮಣ್ಣು ಮಾಡಿದರು. ಬಹುಕಾಲ ಅಲ್ಲಿ ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ. ಆಮೇಲೆ ನಿಲ್ಲಿಸಿದ ಕಲ್ಲಿನ ಮೇಲೆ ಮಗಳ ಹೆಸರಿನ ಜೊತೆಗೆ ತಾಯಿಯ ಹೆಸರೂ ಇದೆ.